ಎರಡೂ ಚಕ್ರ ಬಿಚ್ಚುವ ರಾಚಯ್ಯ

ಭಾನುವಾರ, ಬೆಳಿಗ್ಗೆ ಆರೂ ಇಪ್ಪತ್ತು. ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ರಸ್ತೆಯ ಪಕ್ಕ, ಬೇವಿನ ಮರದ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕೂತ ರಾಚಯ್ಯ ತಗಡಿನ ತಟ್ಟೆಗೆ ಡೀಸೆಲ್ ಸುರಿದುಕೊಂಡು ಹಳೇ ಬೇರಿಂಗ್ ತೊಳೆಯುತ್ತಿದ್ದಾರೆ. ಕೈಯಲ್ಲಿ ಸವೆದುಹೋದ ಹಲ್ಲುಜ್ಜುವ ಬ್ರಷ್ಷು. ನಾನು ಏನೋ ಕೇಳಲು ಬಾಯಿ ತೆರೆದರೆ ಬ್ರಷ್ಷನ್ನೇ ಎತ್ತಿ 'ಇರಿ' ಎಂದು ಸನ್ನೆ ಮಾಡುತ್ತಾರೆ. ನನಗೆ ಕೇಳಿಸುತ್ತಿರುವುದು ಕಾಗೆಗಳ ಗಲಾಟೆ ಮಾತ್ರ.

"ಎಡಗಡೆ ಚಕ್ರ," ಎನ್ನುತ್ತಾರೆ. "ಗರಗರ ಅಂತಾದೆ ಕೇಳಿ ಸಾ. ಬೇರಿಂಗ್ ಓಗದೆ. ಎಂಗಸ್ರು ಆಡು ಏಳ್ತಾವ್ರೆ, ಜನ ಬೇರೆ ಕೂತವ್ರೆ ಒಳಗೆ."

ಅರ್ಧ ನಿಮಿಷದ ನಂತರ ತಿರುವಿನಲ್ಲಿ ಟ್ರ್ಯಾಕ್ಟರ್ ಕಾಣಿಸುತ್ತದೆ. ಹಿಂದಿನ ಟ್ರೇಲರ್‌ಗೆ ಬಾಳೆಕಂದು ಕಟ್ಟಿದೆ, ಚಕ್ರಕ್ಕೆಲ್ಲ ಅರಿಶಿನ ಕುಂಕುಮ ಬಳಿದಿದೆ. ಒಳಗೆ ಜಮಖಾನೆ ಹಾಸಿಕೊಂಡು ಒಂದು ಇಡೀ ಸಂಸಾರ ಕೂತಿದೆ: ಅಜ್ಜಿ, ಸೊಸೆಯಂದಿರು, ನಾದಿನಿಯರು, ಮಕ್ಕಳು, ಹಂಡೆ, ಸೌದೆ, ಅಕ್ಕಿ ಮೂಟೆ. ಎಡಗಡೆ ಚಕ್ರದ ನಡುವಿನಿಂದ ತೆಳ್ಳಗೆ ಹೊಗೆ ಏಳುತ್ತಿದೆ, ಚಕ್ರ ಕುಡಿದವರ ಹಾಗೆ ತೂರಾಡುತ್ತಿದೆ. ಹಾಡುತ್ತಿದ್ದವರಿಗೆ ಇದು ಯಾವುದೂ ಗೊತ್ತಿಲ್ಲ. ರಾಚಯ್ಯ ಎದ್ದು ರಸ್ತೆಯ ಮಧ್ಯಕ್ಕೇ ಹೋಗಿ ಎರಡೂ ಕೈ ಎತ್ತಿ ನಿಲ್ಲುತ್ತಾರೆ.

ಈ ಮನುಷ್ಯನ ಬಗ್ಗೆ ಬರೆಯಬೇಕೆಂದು ನನಗೆ ಹೊಳೆದದ್ದು ಪ್ರೀತಿಯಿಂದಲ್ಲ, ಸಿಟ್ಟಿನಿಂದ. ಹೋದ ವರ್ಷ ಇದೇ ಜಿಲ್ಲೆಯಲ್ಲಿ ಟ್ರೇಲರ್ ಮಗುಚಿದ ಸುದ್ದಿಯನ್ನು ನಾನೇ ನಾಲ್ಕು ಸಲ ಬರೆದಿದ್ದೇನೆ. ನಾಲ್ಕು ಸಲವೂ 'ಚಾಲಕನ ನಿಯಂತ್ರಣ ತಪ್ಪಿ' ಎಂದೇ ಬರೆದೆ. ಚಕ್ರ ಯಾಕೆ ಕಳಚಿತು ಎಂದು ಒಂದು ಸಲವೂ ಕೇಳಲಿಲ್ಲ, ಕೇಳು ಎಂದು ನನಗೆ ಯಾರೂ ಹೇಳಲೂ ಇಲ್ಲ. ಐದನೇ ಸಲ ಬರೆಯುವ ಮೊದಲು, ಮಗುಚದೆ ಉಳಿದ ಟ್ರೇಲರ್‌ಗಳ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಹುಡುಕಿಕೊಂಡು ಹೊರಟೆ. ಈ ದಾರಿಯ ಬಸ್ ಕಂಡಕ್ಟರ್ ಒಬ್ಬರು ನಗುತ್ತಾ ಹೇಳಿದರು: "ಎರಡು ಚಕ್ರದ ರಾಚಯ್ಯ ಅಂತ ಒಬ್ಬ ಅವ್ನೆ. ಒಂದು ಚಕ್ರ ಕೆಟ್ರೆ ಎರಡೂ ಬಿಚ್ತಾನೆ. ಮಾ ಆಸೆಬುರುಕ ಅಂತಾರಪ್ಪ, ದುಡ್ಡಿಗೆ ಅಂಗ್ ಮಾಡ್ತಾನಂತೆ." ಆ ನಗೆ ನನಗೆ ಹಿಡಿಸಲಿಲ್ಲ. ಬಂದು ನೋಡಿದ ಮೇಲೆ ಇನ್ನೂ ಹಿಡಿಸುತ್ತಿಲ್ಲ.

ಟ್ರೇಲರ್ ಹೆಡತಲೆ ಊರಿನ ಪ್ರಸಾದ್ ಅವರದ್ದು. ವಯಸ್ಸು ಮೂವತ್ತಾರು, ಸ್ವಂತ ಟ್ರ್ಯಾಕ್ಟರ್. ವಾರವಿಡೀ ಇಟ್ಟಿಗೆ, ಜಲ್ಲಿ ಹೊಡೆಯುತ್ತಾರೆ. ಇವತ್ತು ಮೂರು ವರ್ಷದ ಮಗಳು ಕೋಮಲಳ ಮೊದಲ ಮುಡಿ. ತಿ. ನರಸೀಪುರದ ಸಂಗಮದಲ್ಲಿ ಮುಡಿ ಕೊಟ್ಟು, ಅಲ್ಲೇ ಅಡುಗೆ ಮಾಡಿ, ನೆಂಟರಿಗೆಲ್ಲ ಉಣಬಡಿಸಿ ಸಂಜೆಗೆ ವಾಪಸು. ಗಂಡಸರಲ್ಲೂ ನಾಲ್ಕೈದು ಜನ ಮುಡಿ ಕೊಡುವ ಹರಕೆ ಹೊತ್ತಿದ್ದಾರೆ. ಒಂಬತ್ತು ಗಂಟೆಯೊಳಗೆ ಆಗಬೇಕೆಂದು ಅಯ್ಯನೋರು ಹೇಳಿ ಕಳಿಸಿದ್ದಾರೆ.

"ಒಂಬತ್ತರೊಳಗೆ ಅಲ್ಲಿರ್ಬೇಕು ಯಜಮಾನ್ರೇ. ಬೇಗ ನೋಡ್ಬುಡಿ," ಎನ್ನುತ್ತಾರೆ ಪ್ರಸಾದ್.

ರಾಚಯ್ಯ ಚಕ್ರ ನೋಡುವುದಿಲ್ಲ. ಮೊದಲು ಜನರನ್ನು ನೋಡುತ್ತಾರೆ. ಒಬ್ಬೊಬ್ಬರೇ ಇಳಿಯುತ್ತಿದ್ದಂತೆ ಬೆರಳು ಆಡಿಸುತ್ತಾ ಎಣಿಸುತ್ತಾರೆ. ಕಂಕುಳಿನಲ್ಲಿದ್ದ ಕೋಮಲಳನ್ನೂ, ಚಕ್ರದ ಮೇಲುಭಾಗದ ಪಟ್ಟಿಗೆ ಒರಗಿ ನಿದ್ದೆ ಹೊಡೆಯುತ್ತಿದ್ದ ಮುದುಕರನ್ನೂ ಬಿಡದೆ ಎಣಿಸುತ್ತಾರೆ. ಟ್ರ್ಯಾಕ್ಟರಿನ ಮೇಲಿರುವ ಪ್ರಸಾದನನ್ನೂ ಸೇರಿಸಿಕೊಂಡು, "ಅತ್ತೊಂಬತ್ತು," ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ.

"ಏನ್ ಯಜಮಾನ್ರೇ, ತಲೆಗೊಂದು ಟಿಕೇಟ್ ಅರಿತೀರಾ?" ಎಂದು ಪ್ರಸಾದ್ ಗೇಲಿ ಮಾಡುತ್ತಾರೆ. ಎಲ್ಲರೂ ನಗುತ್ತಾರೆ. ರಾಚಯ್ಯನೂ ನಗುತ್ತಾರೆ.

ಆದರೆ ಇಳಿದವರು ಹದಿನೇಳು ಜನ ಮಾತ್ರ. ಟ್ರ್ಯಾಕ್ಟರಿನ ಮೇಲೆ ಪ್ರಸಾದ್. ಟ್ರೇಲರಿನೊಳಗೆ ಇನ್ನೂ ಒಬ್ಬರು ಅಲುಗಾಡದೆ ಕೂತಿದ್ದಾರೆ. ಪ್ರಸಾದ್ ಅವರ ತಾಯಿ ಕೆಂಪಾಜಮ್ಮ. ತೊಡೆಯ ಮೇಲೆ ಹಳದಿ ಬಟ್ಟೆ ಕಟ್ಟಿದ ಹಿತ್ತಾಳೆ ತಂಬಿಗೆ, ಅದರೊಳಗೆ ದೇವರಿಗೆ ತೆಗೆದಿಟ್ಟ ಮುಡಿಪು. ಮನೆ ಬಿಟ್ಟ ಮೇಲೆ ಮುಡಿಪು ಹೊಳೆ ಮುಟ್ಟುವ ತನಕ ನೆಲ ಮುಟ್ಟಬಾರದು. ಅದು ಇವರ ಮನೆಯ ಕಟ್ಟು. ಮೊಣಕಾಲು ಹಿಡಿದ ಮುದುಕಿ ತಂಬಿಗೆ ಹಿಡಿದುಕೊಂಡು ಒಂದೂವರೆ ಗಂಟೆ ನಿಲ್ಲಲಾರಳು, ಕೂರೋಣ ಎಂದರೆ ಆ ಮಂಡಿ ಮಡಚಿ ಏಳುವಾಗ ಕೈ ಊರಬೇಕು. ಬೇರೆಯವರ ಕೈಗೆ ಕೊಡುವ ಹಾಗಿಲ್ಲ, ಯಾಕೆಂದರೆ ಉಳಿದವರೆಲ್ಲ ಆಗಲೇ ದಾರಿಯಲ್ಲಿ ಇಡ್ಲಿ ತಿಂದಾಗಿದೆ. ಉಪವಾಸ ಇರುವುದು ಆಕೆ ಒಬ್ಬಳೇ.

"ನಾ ಇಳಿಯಕಿಲ್ಲ. ನನ್ನೂ ಸೇರ್ಸಿ ಎತ್ತಪ್ಪ ನಿನ್ ಜಾಕ್‌ನಲ್ಲಿ," ಎನ್ನುತ್ತಾರೆ ಕೆಂಪಾಜಮ್ಮ.

ಬೇರೆ ಯಾರಾಗಿದ್ದರೂ ರೇಗುತ್ತಿದ್ದರು. ಪ್ರಸಾದ್ ರೇಗಿಯೇಬಿಟ್ಟರು. ರಾಚಯ್ಯ ಮಾತ್ರ ಸೋಪು ಹಚ್ಚಿ ಮೊಣಕೈ ತನಕ ಕೈ ತೊಳೆದು, ಒಗೆದ ಟವೆಲ್ಲಿನಲ್ಲಿ ಒರೆಸಿಕೊಂಡು ಬಂದು ನಿಲ್ಲುತ್ತಾರೆ. "ಅವ್ವಾ, ನಾನೂ ಬೆಳಗಿಂದ ಏನೂ ತಿಂದಿಲ್ಲ. ನೆಲ ಮುಟ್ಬಾರ್ದು ತಾನೇ? ಕೊಡಿ ಇಲ್ಲಿ." ಎತ್ತರದ ಮೂರುಕಾಲಿನ ಕಬ್ಬಿಣದ ಕಂಬಕ್ಕೆ ನೇತುಹಾಕಿದ ಸರಪಳಿಯ ಕೊಕ್ಕೆ ಇದೆ. ಭಾರದ ಟ್ರೇಲರ್ ಎತ್ತುವುದು ಅದರಲ್ಲೇ. ಕೊಕ್ಕೆಗೆ ಟವೆಲ್ ಸುತ್ತಿ, ತಂಬಿಗೆಯನ್ನು ಅದಕ್ಕೆ ಭದ್ರವಾಗಿ ಕಟ್ಟುತ್ತಾರೆ. ಕೆಂಪಾಜಮ್ಮ ಎರಡು ಸಲ ಜಗ್ಗಿ ನೋಡಿ, ತೃಪ್ತಿಯಾದ ಮೇಲೆ ಇಳಿಯುತ್ತಾರೆ. ಹೀಗೆ ತಮ್ಮ ಒಳ್ಳೆಯ ಸಾಧನವನ್ನು ಮುಡಿಪಿಗೆ ಬಿಟ್ಟುಕೊಟ್ಟು, ರಾಚಯ್ಯ ಕೈ ಜಾಕ್ ಮತ್ತು ನಾಲ್ಕು ಮರದ ತುಂಡು ಹಿಡಿದು ನೆಲಕ್ಕೆ ಕೂರುತ್ತಾರೆ.

ಚಕ್ರದ ನಡುವೆ ಇರಬೇಕಾದ ಮುಚ್ಚಳ ಇಲ್ಲ. ಅದನ್ನು ಹಬ್ ಕ್ಯಾಪ್ ಎನ್ನುತ್ತಾರೆ, ಅಂಗೈಯಗಲದ ತಗಡು, ಒಳಗಿನ ಬೇರಿಂಗಿಗೆ ನೀರು ಮಣ್ಣು ಹೋಗದಂತೆ ಕಾಯುವುದು ಅದೊಂದೇ. ಆ ಜಾಗದಲ್ಲಿ ಹಾಲಿನ ಪ್ಲಾಸ್ಟಿಕ್ ಕವರ್ ಸುತ್ತಿ ಸೈಕಲ್ ಟ್ಯೂಬಿನಿಂದ ಬಿಗಿದಿದ್ದಾರೆ. ಅದು ಈಗ ಕರಗಿ ಅಂಟಿಕೊಂಡಿದೆ. ರಾಚಯ್ಯ ಆಕ್ಸೆಲ್ ಮೇಲಿನ ಕೆಸರಿನ ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡುತ್ತಾರೆ.

"ನೆನ್ನೆ ನಾಲೆಗೆ ಇಳ್ಸಿದ್ರಾ?"

"ಊಂ ಮತ್ತೆ! ಸಾಯಂಕಾಲ ಇಟ್ಗೆ ಲೋಡ್ ಇಳ್ಸಿ ಸೀದಾ ನಾಲೆಗೇ ಬುಟ್ಟೆ. ಚಕ್ರ ಮುಳುಗೋಗಂಟ ನಿಲ್ಸಿ ಉಜ್ಜಿ ಉಜ್ಜಿ ತೊಳ್ದು, ಪೂಜೆ ಮಾಡಿ ತಂದಿವ್ನಿ. ಮೈಲಿಗೆ ಗಾಡಿಲಿ ಮುಡಿಪು ತರಕಾಯ್ತದಾ?"

ಇದನ್ನು ಪ್ರಸಾದ್ ಹೆಮ್ಮೆಯಿಂದ ಹೇಳುತ್ತಾರೆ. ಅವರನ್ನು ಬೈಯುವುದು ಹೇಗೆ? ದೇವರ ಕೆಲಸಕ್ಕೆ ಹೊರಟವರು ತಾವು ಮಿಂದ ಹಾಗೆ ಗಾಡಿಯನ್ನೂ ಮೀಯಿಸುತ್ತಾರೆ. ಈ ಎರಡು ತಾಲ್ಲೂಕಿನಲ್ಲಿ ಪೂಜೆಯ ಹಿಂದಿನ ಸಂಜೆ ನಾಲೆಯ ಮೆಟ್ಟಿಲ ಹತ್ತಿರ ಹೋಗಿ ನೋಡಿ, ಟ್ರೇಲರ್‌ಗಳು ಎಮ್ಮೆಗಳ ಹಾಗೆ ನೀರಿನಲ್ಲಿ ನಿಂತಿರುತ್ತವೆ. ದಿನವಿಡೀ ಓಡಿ ಕಾದ ಚಕ್ರದ ನಡುವನ್ನು ತಣ್ಣೀರಿಗೆ ಇಳಿಸಿದರೆ ಅದು ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಗ್ರೀಸು ಮಜ್ಜಿಗೆಯಾಗುತ್ತದೆ. ಮಾರನೆಯ ದಿನ ಹತ್ತು ಹದಿನೈದು ಕಿಲೋಮೀಟರು ಹೋಗುವಷ್ಟರಲ್ಲಿ ಬೇರಿಂಗ್ ಕಚ್ಚಿಕೊಳ್ಳುತ್ತದೆ. ಮಾರನೆಯ ದಿನ ಒಳಗಿರುವುದು ಇಟ್ಟಿಗೆಯಲ್ಲ, ಹೆಂಡತಿ ಮಕ್ಕಳು. ಹೆಚ್ಚು ಭಕ್ತಿ ಇದ್ದವರ ಗಾಡಿಯೇ ಹೆಚ್ಚು ಅಪಾಯದ್ದು ಎಂದರೆ ಹೊಟ್ಟೆ ಉರಿಯುವುದಿಲ್ಲವೇ?

ಹಬ್ ಕ್ಯಾಪ್ ಒಂದು ಇದ್ದಿದ್ದರೆ ಇಷ್ಟಾಗುತ್ತಿರಲಿಲ್ಲ. ಯಾಕಿಲ್ಲ? ಅದನ್ನು ಕೇಳಿದರೆ ರಾಚಯ್ಯ ತಮ್ಮ ಹಳೆಯ ಕಥೆ ಹೇಳಬೇಕಾಗುತ್ತದೆ.

ಅವರು ಹುಟ್ಟಿದ್ದು ಮೂಗೂರಿನಲ್ಲಿ. ಈಗ ಐವತ್ತೊಂಬತ್ತು ವರ್ಷ. ಇಪ್ಪತ್ತು ವರ್ಷದವರಿದ್ದಾಗ ಟ್ರೇಲರ್ ತಯಾರಿಸುವ ಶೆಡ್ ಒಂದಕ್ಕೆ ಸೇರಿ, ಅಲ್ಲಿ ಹದಿನೆಂಟು ವರ್ಷ ಕೆಲಸ ಮಾಡಿದರು. ಗುಜರಿಗೆ ಬಂದ ಲಾರಿಯ ಆಕ್ಸೆಲ್ ತಂದು, ಬಿರುಕಿಗೆ ವೆಲ್ಡಿಂಗ್ ಹೊಡೆದು, ಮೇಲೆ ನೀಲಿ ಬಣ್ಣ ಬಳಿದು ಹೊಸದೆಂದು ಮಾರುವುದನ್ನು ಕಣ್ಣಾರೆ ನೋಡಿದರು. "ಕ್ಯಾಪ್ ಆಕಣ ಸಾ ಅಂದೆ. 'ಗಿರಾಕಿ ಕೇಳಿದ್ರಾ? ನೀನ್ಯಾಕ್ಲಾ ಬಾಯ್ ಬುಡ್ತೀಯ' ಅಂದ್ರು ಓನರ್ರು. ಬಿರುಕಿರೋ ಆಕ್ಸೆಲ್ಲಿಗೆ ಬಣ್ಣ ಒಡಿ ಅಂದ್ರು. ಒಡಿಯಕಿಲ್ಲ ಅಂದೆ. ಅವತ್ತೇ ಲೆಕ್ಕ ಚುಕ್ತಾ ಮಾಡಿ ಆಚೆಗೆ ಕಳಿಸ್ಬುಟ್ರು." ಆ ಶೆಡ್ಡಿನ ಮಾಲೀಕರು ಈಗ ಮೂರು ಮಹಡಿ ಮನೆ ಕಟ್ಟಿದ್ದಾರೆ ಎಂದು ರಾಚಯ್ಯ ಹೇಳಲಿಲ್ಲ, ಅದನ್ನು ನಾನೇ ವಿಚಾರಿಸಿಕೊಂಡು ಬಂದೆ. ರಾಚಯ್ಯನ ಅಂಗಡಿಗೆ ಇವತ್ತಿಗೂ ಗೋಡೆಯಿಲ್ಲ. ನಾಲ್ಕು ಕಂಬ, ಮೇಲೆ ಹಳೇ ಫ್ಲೆಕ್ಸು, ಬೀಗ ಹಾಕುವ ಒಂದು ಕಬ್ಬಿಣದ ಪೆಟ್ಟಿಗೆ.

ಭಾನುವಾರ ನಾಲ್ಕೈದು ಟ್ರೇಲರ್, ಉಳಿದ ದಿನ ಎರಡು. ಕಬ್ಬಿನ ಕಾಲದಲ್ಲಿ ಇನ್ನೂ ಹೆಚ್ಚು. ಒಂದು ಚಕ್ರ ಎತ್ತಿ, ಬಿಚ್ಚಿ, ತೊಳೆದು, ಗ್ರೀಸು ತುಂಬಿ ಮತ್ತೆ ಕೂರಿಸಲು ಮುಕ್ಕಾಲು ಗಂಟೆ. ಎರಡು ಚಕ್ರಕ್ಕೆ ಒಂದೂವರೆ ಗಂಟೆ. ಎರಡನೆಯ ಚಕ್ರಕ್ಕೆ ಕೂಲಿಯಿಲ್ಲ. ಹೌದು, ಆ ಬಸ್ ಕಂಡಕ್ಟರಿಗೆ ಯಾರಾದರೂ ಓದಿ ಹೇಳಿ: ಎರಡನೆಯ ಚಕ್ರ ಬಿಚ್ಚುವುದಕ್ಕೆ ರಾಚಯ್ಯ ಯಾರ ಹತ್ತಿರವೂ ಬಿಡಿಗಾಸು ತೆಗೆದುಕೊಳ್ಳುವುದಿಲ್ಲ.

ಜಗಳ ಶುರುವಾಗುವುದು ಅಲ್ಲೇ. ಏಳೂಕಾಲಿಗೆ ಎಡ ಚಕ್ರ ಸಿದ್ಧವಾಗಿದೆ. ಒಳಗಿನ ಬೇರಿಂಗ್ ಪುಡಿಪುಡಿಯಾಗಿತ್ತು, ಹೊಸದು ಹಾಕಿದ್ದಾಯಿತು. ಜನ ಹತ್ತಲು ಹೊರಟಿದ್ದಾರೆ. ರಾಚಯ್ಯ ಜಾಕನ್ನು ಬಲಗಡೆಗೆ ಎಳೆದುಕೊಂಡು ಹೋಗುತ್ತಾರೆ.

"ಅದ್ಯಾಕೆ? ಅದು ಸರಿ ಇತ್ತಲ್ಲ," ಎನ್ನುತ್ತಾರೆ ಪ್ರಸಾದ್.

"ಎರಡೂ ನೀರಲ್ಲಿ ನಿಂತಿದ್ವಲ್ಲಪ್ಪ. ಬಿಚ್ಚಿ ನೋಡ್ಬುಡ್ತೀನಿ."

"ಸದ್ದಿಲ್ಲ, ಒಗೆ ಇಲ್ಲ, ಏನ್ ನೋಡ್ತೀರಾ? ಒಂಬತ್ತರೊಳಗೆ ಅಂತ ಏಳಿಲ್ವಾ ನಿಮ್ಗೆ?"

"ಏಳಿದ್ರಿ. ಆದ್ರೂವೆ ಬಿಚ್ಚಲೇಬೇಕು."

ಪ್ರಸಾದ್ ನಂಜನಗೂಡಿನ ಮೆಕ್ಯಾನಿಕ್ ನಂಜೇಶ್‌ಗೆ ಫೋನ್ ಹಚ್ಚುತ್ತಾರೆ. ಸ್ಪೀಕರ್ ಹಾಕಿ ನಮಗೆಲ್ಲ ಕೇಳಿಸುತ್ತಾರೆ. "ಒಂದ್ ಚಕ್ರ ಸಾಕು ಕಣಣ್ಣ, ಓಡುಸ್ಕಂಡು ಓಗು, ಏನಾಗಾಕಿಲ್ಲ," ಎನ್ನುತ್ತದೆ ಫೋನು. ಬಂದು ನೋಡುತ್ತೀಯಾ ಎಂದರೆ ಭಾನುವಾರ, ಹನ್ನೊಂದಕ್ಕೆ ಮೊದಲು ಏಳುವುದಿಲ್ಲ ಎನ್ನುತ್ತದೆ. ಪ್ರಸಾದ್ ವಿಜಯದ ಮುಖ ಮಾಡಿ ಟ್ರ್ಯಾಕ್ಟರ್ ಹತ್ತುತ್ತಾರೆ. ಅಷ್ಟರಲ್ಲಿ ರಾಚಯ್ಯ ಹೋಗಿ ಟ್ರ್ಯಾಕ್ಟರಿಗೂ ಟ್ರೇಲರಿಗೂ ಕೊಂಡಿ ಹಾಕುವ ಕಬ್ಬಿಣದ ಪಿನ್ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡಾಗಿದೆ. ಅಷ್ಟು ದಪ್ಪದ ಪಿನ್ನು ಜೇಬಿನಿಂದ ಅರ್ಧ ಆಚೆಗೆ ಕಾಣುತ್ತಿದೆ.

ಆಮೇಲೆ ಆದದ್ದನ್ನು ಪೂರ್ತಿ ಬರೆಯಲು ಪತ್ರಿಕೆಯವರು ಬಿಡುವುದಿಲ್ಲ. ತಮಗಿಂತ ಇಪ್ಪತ್ತಮೂರು ವರ್ಷ ದೊಡ್ಡವರಿಗೆ ಪ್ರಸಾದ್ ಬಾಯಿಗೆ ಬಂದಂತೆ ಮಾತಾಡಿದರು. ಕಳ್ಳ ಎಂದರು. ದಾರಿಯಲ್ಲಿ ಹೋಗುವವರನ್ನು ಸುಲಿಯಲು ಕೂತಿದ್ದೀಯ ಎಂದರು. ಹೆಂಗಸರಲ್ಲಿ ಒಬ್ಬರು, "ಮಗಿನ್ ಮುಡಿಗೆ ಇವ್ನೇ ಶನಿ ಆಗ್ ಬಂದ," ಎಂದರು. ಪ್ರಸಾದ್ ಅವರ ಹೆಂಡತಿ ಹೇಮಲತಾ ಮಾತ್ರ, "ರೀ, ಸುಮ್ನಿರ್ರೀ, ಅವ್ರು ಒಳ್ಳೇದಕ್ಕೆ ಏಳ್ತಾವ್ರೆ," ಎಂದು ಎರಡು ಸಲ ಹೇಳಿ ಸೋತರು. ನಾನು ಮಧ್ಯೆ ಬಾಯಿ ಹಾಕಲು ಹೋದೆ. ರಾಚಯ್ಯ ನನ್ನ ತೋಳು ಹಿಡಿದು ಪಕ್ಕಕ್ಕೆ ಕೂರಿಸಿದರು.

ಈ ಹಟ ಯಾಕೆಂದು ಅವರು ಹೇಳಿದ್ದು ಮಧ್ಯಾಹ್ನ. ಓದುವವರಿಗೆ ಇಲ್ಲೇ ಗೊತ್ತಾಗಲಿ.

ಒಂಬತ್ತು ವರ್ಷದ ಹಿಂದೆ ಹೀಗೆಯೇ ಒಂದು ಬೆಳಿಗ್ಗೆ, ನಿಶ್ಚಿತಾರ್ಥಕ್ಕೆ ಹೊರಟ ಒಂದು ಟ್ರೇಲರ್ ಇಲ್ಲಿಗೆ ಬಂತು. ಎಡ ಚಕ್ರ ಕೆಟ್ಟಿತ್ತು. ರಾಚಯ್ಯ ಸರಿ ಮಾಡಿದರು. ಬಲ ಚಕ್ರವನ್ನೂ ನೋಡುತ್ತೇನೆ ಎಂದರು. ಲಗ್ನಪತ್ರಿಕೆಯ ಹೊತ್ತು ಮೀರುತ್ತದೆ ಎಂದು ಗಾಡಿಯವರು ಬೇಡಿಕೊಂಡರು. ಸರಿ ಹೋಗಿ ಎಂದರು ರಾಚಯ್ಯ. ನಾಲ್ಕು ಕಿಲೋಮೀಟರು ಆಚೆಗೆ ಬಲ ಚಕ್ರ ಕಳಚಿ ಟ್ರೇಲರ್ ಗದ್ದೆಗೆ ಮಗುಚಿಕೊಂಡಿತು. ಹನ್ನೊಂದು ಜನಕ್ಕೆ ಪೆಟ್ಟಾಯಿತು. ಎಸ್ಸೆಸ್ಸೆಲ್ಸಿ ಮುಗಿಸಿದ್ದ ಶಿವರಂಜನಿ ಎಂಬ ಹುಡುಗಿಯ ಒಂದು ಕಾಲು ಮೊಣಕಾಲಿನಿಂದ ಕೆಳಕ್ಕೆ ಹೋಯಿತು.

"ನಾನೂ ಸೈಕಲ್ ತುಳ್ಕಂಡು ಓದೆ ಸಾ. ಪೋಲೀಸ್ನೋರು ಬಂದು ಎಷ್ಟ್ ಜನ ಇದ್ರಿ ಅಂತ ಕೇಳ್ತಾವ್ರೆ, ಒಬ್ಬನ್ಗೂ ಗೊತ್ತಿಲ್ಲ. ಒಬ್ಬ ಇಪ್ಪತ್ತು ಅಂತಾನೆ, ಇನ್ನೊಬ್ಬ ಇಪ್ಪತ್ಮೂರು ಅಂತಾನೆ. ಎಲ್ಲಾರ್ನೂ ಆಸ್ಪತ್ರೆಗೆ ಸಾಗಿಸಿ ಅರ್ಧ ಗಂಟೆ ಆದ್ಮೇಲೆ, ಗದ್ದೆ ಒಳಗೆ ಜಮಖಾನೆ ಅಡೀಲಿ ಒಂದ್ ಮಗು ಸಿಕ್ತು. ಜೀವ ಇತ್ತು, ಪುಣ್ಯ. ಅರ್ಧ ಗಂಟೆ ಸಾ! ಎಣಿಸಿದ್ರೆ ಗೊತ್ತಾಗ್ತಿರ್ಲಿಲ್ವಾ?"

ಯಾರೂ ಅವರ ಮೇಲೆ ದೂರು ಕೊಡಲಿಲ್ಲ. ಟ್ರೇಲರಿನ ಮಾಲೀಕರೇ 'ನಿಂದೇನೂ ತಪ್ಪಿಲ್ಲ ಬುಡು' ಎಂದರಂತೆ. ಶಿವರಂಜನಿ ಈಗ ತಿ. ನರಸೀಪುರದಲ್ಲಿ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಆಧಾರ್ ಕಾರ್ಡೋ ಪಹಣಿಯೋ ಜೆರಾಕ್ಸ್ ಮಾಡಿಸುವ ಕೆಲಸ ಬಿದ್ದಾಗ ರಾಚಯ್ಯ ಆ ಅಂಗಡಿ ದಾಟಿ, ಇನ್ನೂ ಎರಡು ಬೀದಿ ನಡೆದು ಬೇರೆ ಅಂಗಡಿಗೆ ಹೋಗುತ್ತಾರೆ. ಒಂಬತ್ತು ವರ್ಷದಿಂದ ಒಳಗೆ ಹೋಗಲು ಧೈರ್ಯ ಬಂದಿಲ್ಲ. ಗುಜರಿ ಆಕ್ಸೆಲ್ಲಿಗೆ ಬಣ್ಣ ಹೊಡೆದು ಮಾರಿದವರು ಎಲ್ಲಿ ಬೇಕೆಂದರಲ್ಲಿ ಎದೆ ಸೆಟೆಸಿಕೊಂಡು ಓಡಾಡುತ್ತಾರೆ, ಈ ಮನುಷ್ಯ ಒಂದು ಜೆರಾಕ್ಸ್ ಅಂಗಡಿಯ ಮುಂದೆ ತಲೆ ತಗ್ಗಿಸಿ ನಡೆಯುತ್ತಾರೆ. ಇದು ಯಾವ ನ್ಯಾಯ?

ಬೆಳಗಿನ ಜಗಳವನ್ನು ಮುಗಿಸಿದ್ದು ಕೆಂಪಾಜಮ್ಮ. ಕೊಕ್ಕೆಯಲ್ಲಿ ತೂಗುತ್ತಿದ್ದ ತಂಬಿಗೆಯನ್ನೇ ನೋಡುತ್ತಾ ಕಲ್ಲಿನ ಮೇಲೆ ಕೂತಿದ್ದ ಆಕೆ, ಇದ್ದಕ್ಕಿದ್ದಂತೆ ಗುಡುಗಿದರು. "ಲೋ ಪ್ರಸಾದ, ಮುಚ್ಲಾ ಬಾಯಿ. ಕೈ ತೊಳ್ಕಂಡು ಮುಡಿಪು ಮುಟ್ದೋನು ಕಣ್ಲಾ ಅಂವ. ನಿನ್ ಮಗಿನ್ನೂ ಅಂಗೇ ನೋಡ್ಕತಾನೆ. ಬಿಚ್ಚಪ್ಪ ನೀನು."

"ಒಂಬತ್ತು ಮೀರೋಯ್ತದೆ ಕಣವ್ವ!"

"ಮೀರ್ಲಿ. ದೇವ್ರೇನು ಗಡಿಯಾರ ಕಟ್ಕಂಡು ಕೂತಿದ್ದಾನಾ?"

ಬಲ ಚಕ್ರ ಬಿಚ್ಚಿದಾಗ ನಾನೂ ಬಗ್ಗಿ ನೋಡಿದೆ. ಮನಸ್ಸಿನಲ್ಲೇ ಅದು ಪೂರ್ತಿ ಕೆಟ್ಟಿರಲಿ ಎಂದು ಹಾರೈಸಿದೆ, ಸುಳ್ಳೇಕೆ ಹೇಳಲಿ. ಒಡೆದ ಬೇರಿಂಗ್ ತೆಗೆದು ಪ್ರಸಾದನ ಅಂಗೈಗೆ ಹಾಕಬೇಕು, ಅವನ ಬಾಯಿ ಕಟ್ಟಬೇಕು ಎಂದು ಆಸೆಯಾಗಿತ್ತು. ಹಾಗಾಗಲಿಲ್ಲ. ಗ್ರೀಸು ಬಿಳಿಚಿಕೊಂಡು ನೀರಾಡುತ್ತಿತ್ತು, ಆದರೆ ಬೇರಿಂಗ್ ನೆಟ್ಟಗಿತ್ತು. ಒಂದು ಗುಂಡಿನ ಮೇಲೆ ಮಾತ್ರ ಸಣ್ಣದೊಂದು ನೀಲಿ ಕಲೆ, ಉಕ್ಕು ಕಾದದ್ದರ ಗುರುತು.

"ನೋಡುದ್ರಾ? ಸರಿಯಾಗೇ ಅದೆ!" ಎಂದು ಪ್ರಸಾದ್ ಎಲ್ಲರಿಗೂ ಕೇಳುವ ಹಾಗೆ ಕೂಗಿದರು. "ಸಂಗಮ ಏನು, ಮೈಸೂರಿಗೂ ಓಗಿಬರ್ತಿತ್ತು."

"ಓಗ್ತಿತ್ತೋ ಏನೋ," ಎಂದರು ರಾಚಯ್ಯ. "ನಾ ಇಲ್ಲ ಅನ್ನಾಕಿಲ್ಲ." ಬೇರಿಂಗ್ ತೊಳೆದು, ಅಂಗೈಯಲ್ಲಿ ಗ್ರೀಸು ತೆಗೆದು ಒಂದೊಂದು ಸಂದಿಗೂ ಒತ್ತಿ ತುಂಬಿದರು. ತಗಡು ಕತ್ತರಿಸಿ ತಾವೇ ಮಾಡಿಟ್ಟುಕೊಂಡಿದ್ದ ಎರಡು ಮುಚ್ಚಳ ಬಡಿದು ಕೂರಿಸಿದರು. ಪಿನ್ ತೆಗೆದು ಕೊಂಡಿಗೆ ಹಾಕಿದರು. ಟ್ರೇಲರ್ ಹೊರಟಾಗ ಎಂಟೂವರೆ. ಸಂಗಮಕ್ಕೆ ಒಂಬತ್ತರೊಳಗೆ ತಲುಪುವ ಮಾತೇ ಇಲ್ಲ. ಕೆಂಪಾಜಮ್ಮ ತಂಬಿಗೆ ತೊಡೆಯ ಮೇಲಿಟ್ಟುಕೊಂಡು, "ಎಣಿಸ್ತಿದ್ಯಲ್ಲ, ಯಾಕಪ್ಪ?" ಎಂದು ಕೇಳಿದರು. "ಸುಮ್ನೆ ಕಣವ್ವ," ಎಂದರು ರಾಚಯ್ಯ.

ನನ್ನ ಸಿಟ್ಟು ಇಳಿಯದೇ ಇರುವುದು ಇದಕ್ಕೇ. ಅವರು ಮಾಡಿದ್ದು ಸರಿ ಎಂದು ತೋರಿಸಲು ಅವರ ಹತ್ತಿರ ಏನೂ ಇಲ್ಲ. ಚಕ್ರ ಕಳಚಿದ್ದರೆ ನಾವೆಲ್ಲ ಓಡಿಬರುತ್ತಿದ್ದೆವು. ಆಂಬುಲೆನ್ಸು, ಪೊಲೀಸು, ಹಾರ ಹಿಡಿದ ಮುಖಂಡರು, ಕ್ಯಾಮೆರಾ ಹಿಡಿದ ನಾವು. ಕಳಚದ ಚಕ್ರಕ್ಕೆ ಯಾರು ಬರುತ್ತಾರೆ? ಹೋದ ವರ್ಷ ಒಂದು ಇಲಾಖೆಯವರು ರಸ್ತೆ ಸುರಕ್ಷತೆ ಸಪ್ತಾಹ ಮಾಡಿದರು. ವೇದಿಕೆಗೆ ಜನರೇಟರ್ ತರುತ್ತಿದ್ದ ಟ್ರೇಲರಿನ ಚಕ್ರ ಇದೇ ಮರದ ಮುಂದೆ ಜಾಮ್ ಆಯಿತು. ರಾಚಯ್ಯ ಎರಡೂ ಚಕ್ರ ಬಿಚ್ಚಿ ಕಟ್ಟಿ ಕಳಿಸಿದರು. ಸಮಾರಂಭದಲ್ಲಿ ಹದಿನಾಲ್ಕು ಜನಕ್ಕೆ ಶಾಲು ಹೊದಿಸಿದರು. ರಾಚಯ್ಯನಿಗೆ ಒಂದು ಲೋಟ ಟೀ ಕುಡಿಯಿರಿ ಎಂದವರಿಲ್ಲ. "ಬಿಲ್ ಬುಕ್ಕಿದ್ರೆ ಕೊಡು ಅಂದ್ರು ಸಾ. ಇಲ್ಲ ಅಂದೆ. ಅಂಗಾದ್ರೆ ದುಡ್ಡು ಕೊಡಕ್ಕಾಗಲ್ಲ ಅಂದ್ರು," ಎಂದು ಇದನ್ನೂ ನಗುತ್ತಲೇ ಹೇಳುತ್ತಾರೆ. ನನಗೆ ನಗು ಬರಲಿಲ್ಲ.

ಟ್ರೇಲರಿನಲ್ಲಿ ಜನ ಕೂರಿಸುವುದು ಕಾನೂನಿಗೆ ವಿರುದ್ಧ ಎಂದು ನೀವು ಹೇಳುತ್ತೀರಿ. ನನಗೂ ಗೊತ್ತು, ಅವರಿಗೂ ಗೊತ್ತು. "ಕೂತ್ಕಬ್ಯಾಡಿ ಅಂತ ನಾನೂ ಏಳ್ತೀನಿ. ಕೇಳ್ತಾರಾ? ಭಾನ್ವಾರ ಬಸ್ಸಿಗೆ ಕಾದ್ರೆ ಕಾಯ್ತನೇ ಇರ್ಬೇಕು. ಅಂಡೆ ಸೌದೆ ಯಾವ್ ಬಸ್ಸಲ್ಲಿ ಆಕಿಸ್ಕತಾರೆ? ಕೂತೇ ಕೂತ್ಕತಾರೆ. ಚಕ್ರನಾದ್ರೂ ನೆಟ್ಟಗಿರ್ಲಿ." ಕಾನೂನು ಮಾಡಿದವರು ಭಾನುವಾರ ಬೆಳಿಗ್ಗೆ ಈ ರಸ್ತೆಯಲ್ಲಿ ಒಂದು ಗಂಟೆ ಬಸ್ಸಿಗೆ ಕಾದು ನೋಡಲಿ, ಆಮೇಲೆ ಮಾತಾಡೋಣ.

ನಿಮಗೇನು ಬೇಕು ಎಂದು ಮಧ್ಯಾಹ್ನ ಕೇಳಿದೆ. ಮನೆ, ಪಿಂಚಣಿ, ಸಾಲ, ಸನ್ಮಾನ, ಏನಾದರೂ ಹೇಳಬಹುದು ಎಂದುಕೊಂಡಿದ್ದೆ. ಅವರು ಹೇಳಿದ್ದೇ ಬೇರೆ. "ನಾಲೆ ಮೆಟ್ಲತ್ರ ಒಂದ್ ಬೋರ್ಡ್ ಆಕ್ಸಿ ಸಾ. 'ಬಿಸಿ ಚಕ್ರ ನೀರಿಗೆ ಇಳಿಸ್ಬೇಡಿ. ತೊಳ್ದ ಮ್ಯಾಲೆ ಎರಡೂ ಬಿಚ್ಚಿ ಗ್ರೀಸ್ ಆಕಿ' ಅಂತ. ನನ್ ಎಸ್ರು ಬ್ಯಾಡ." ಇದನ್ನು ಮೂರು ಸಲ ಪಂಚಾಯಿತಿಯಲ್ಲಿ ಕೇಳಿದ್ದಾರೆ. ಮೂರನೆಯ ಸಲ ಅಲ್ಲಿದ್ದವರೊಬ್ಬರು, 'ನಿನ್ನ ಅಂಗಡಿಗೆ ಪಂಚಾಯ್ತಿ ದುಡ್ಡಲ್ಲಿ ಪ್ರಚಾರ ಮಾಡ್ಬೇಕಾ?' ಎಂದು ಕೇಳಿದರಂತೆ. ನಾಲ್ಕನೆಯ ಸಲ ಅವರು ಹೋಗಿಲ್ಲ.

ಸಂಜೆ ಐದೂವರೆಗೆ ರಾಚಯ್ಯನ ಹೆಂಡತಿ ಚನ್ನಾಜಮ್ಮ ಮನೆಯಿಂದ ನಡೆದು ಬಂದರು. ಮನೆ ಇಲ್ಲಿಂದ ಒಂದು ಫರ್ಲಾಂಗು. ಬೆಳಗಿನಿಂದ ಟೀ ಬಿಟ್ಟರೆ ಗಂಡನ ಹೊಟ್ಟೆಗೆ ಏನೂ ಬಿದ್ದಿಲ್ಲ ಎಂದು ಅವರಿಗೆ ಗೊತ್ತು. ಪೆಟ್ಟಿಗೆಗೆ ಬೀಗ ಬಿದ್ದಿದೆ, ಕೆಲಸ ಮುಗಿದಿದೆ, ಆದರೂ ರಾಚಯ್ಯ ಎದ್ದಿಲ್ಲ. ನಾನು ಹೋಗಿಬರುತ್ತೇನೆ ಎಂದು ಎದ್ದರೆ ಚನ್ನಾಜಮ್ಮ ತಡೆದರು.

"ಇರಿ ಸಾ, ನೀವೂ ನೋಡ್ಕಂಡೇ ಓಗಿ. ಬೆಳಿಗ್ಗೆ ಎಣಿಸಿ ಕಳಿಸ್ದೋರ್ನ ಸಾಯಂಕಾಲ ಎಣಿಸ್ಕಳಗಂಟ ಈವಯ್ಯ ಉಣ್ಣಾಕಿಲ್ಲ. ಒಂಬತ್ತು ವರ್ಸದಿಂದ ಇದೇ ಕತೆ. ಎಷ್ಟೋ ಜನ ಬೇರೆ ದಾರೀಲಿ ಓಗ್ಬುಡ್ತಾರೆ. ಅವತ್ತು ಬರೀ ಒಟ್ಟೇಲೇ ಮಲಿಕ್ಕಳದು. ನಾ ಬೈದೂ ಬೈದೂ ಸಾಕಾಗೋಯ್ತು."

ಆರಾಯಿತು. ಆರೂಕಾಲಾಯಿತು. ರಾಚಯ್ಯ ತಿ. ನರಸೀಪುರದ ಕಡೆಗೇ ಕಿವಿ ಕೊಟ್ಟು ಕೂತಿದ್ದರು. ಆರೂವರೆಗೆ, ಬೆಳಿಗ್ಗೆ ಬ್ರಷ್ಷು ಎತ್ತಿದ ಹಾಗೆಯೇ ಬೆರಳು ಎತ್ತಿದರು. ನನಗೂ ಈ ಸಲ ಕೇಳಿಸಿತು. ಗರಗರ ಇಲ್ಲ, ಬರೀ ಇಂಜಿನ್ ಸದ್ದು, ಹಾಡು.

ಟ್ರೇಲರ್ ಬಂತು. ಬೆಳಿಗ್ಗೆ ಕೂದಲಿದ್ದ ಐದು ತಲೆ ಈಗ ಬೋಳಾಗಿ ಗಂಧ ಹಚ್ಚಿಕೊಂಡು ಕೂತಿವೆ. ಯಾರು ಯಾರೆಂದೇ ನನಗೆ ತಿಳಿಯಲಿಲ್ಲ. ಪ್ರಸಾದ್ ನಮ್ಮ ಕಡೆ ತಿರುಗಿಯೂ ನೋಡಲಿಲ್ಲ, ವೇಗವನ್ನೂ ಕಡಿಮೆ ಮಾಡಲಿಲ್ಲ. ರಾಚಯ್ಯನ ಬೆರಳು ಸರಸರ ಆಡಿತು.

"ಅದ್ನೆಂಟು," ಎಂದರು. ಆಮೇಲೆ ಓಡಿದರು. ಐವತ್ತೊಂಬತ್ತರ ಮನುಷ್ಯ ಚಪ್ಪಲಿ ಬಿಟ್ಟು, ಲುಂಗಿ ಎತ್ತಿಕೊಂಡು ಟ್ರೇಲರಿನ ಹಿಂದೆ ರಸ್ತೆಯಲ್ಲಿ ಓಡಿದರು. "ಲೇ, ನಿಲ್ಸೋ! ನಿಲ್ಸ್ಲಾ!"

ಕೆಂಪಾಜಮ್ಮ ಒಳಗಿನಿಂದ ಪಟ್ಟಿ ಬಡಿದು ಕೂಗಿದ ಮೇಲೆ ಟ್ರ್ಯಾಕ್ಟರ್ ನಿಂತಿತು. ಪ್ರಸಾದ್ ಹಿಂದೆ ತಿರುಗಿ, "ಇನ್ನೇನ್ರೀ ನಿಮ್ದು?" ಎಂದರು. ರಾಚಯ್ಯ ಟ್ರೇಲರಿನ ಪಟ್ಟಿ ಹಿಡಿದುಕೊಂಡು ಏದುಸಿರು ಬಿಡುತ್ತಾ, "ಮಗು ಎಲ್ಲಿ? ಬೆಳಿಗ್ಗೆ ಮಗು ಇತ್ತಲ್ಲ, ಎಲ್ಲವ್ವ?" ಎಂದು ಕೇಳಿದರು.

ಹೇಮಲತಾ ತೊಡೆಯ ಮೇಲಿದ್ದ ಸೆರಗು ಸರಿಸಿದರು. ಕೋಮಲ ಅಲ್ಲಿ ಮುದುಡಿಕೊಂಡು ನಿದ್ದೆ ಹೋಗಿದ್ದಳು. ಬೋಳು ತಲೆಯ ತುಂಬ ಗಂಧ, ಬಾಯಿಯ ಪಕ್ಕ ಪಾಯಸ. ರಾಚಯ್ಯ ಎಣ್ಣೆ ಜಿಡ್ಡಿನ ಬೆರಳೊಂದನ್ನು ಗಾಳಿಯಲ್ಲೇ ಅವಳ ಕಡೆಗೆ ತೋರಿಸಿ, ಮುಟ್ಟದೆ, ಎಣಿಸಿದರು.

"ಅತ್ತೊಂಬತ್ತು. ಓಗ್ರಪ್ಪ, ಓಗಿ."

"ತಲೆ ಕೆಟ್ಟದೆ ಈ ಮುದ್ಕಂಗೆ," ಎಂದು ಪ್ರಸಾದ್ ಗೇರ್ ಹಾಕಿದರು. ಟ್ರೇಲರ್ ಹೊರಟಿತು. ಕೆಂಪಾಜಮ್ಮ ಮಾತ್ರ ತಿರುವು ದಾಟುವ ತನಕ ಹಿಂದಕ್ಕೆ ತಿರುಗಿ ನೋಡುತ್ತಲೇ ಇದ್ದರು.

ರಾಚಯ್ಯ ಬರಿಗಾಲಿನಲ್ಲಿ ನಿಧಾನವಾಗಿ ವಾಪಸು ಬಂದು ಚಪ್ಪಲಿ ಹುಡುಕಿ ಮೆಟ್ಟಿಕೊಂಡರು. ನನಗೆ ಆ ಪ್ರಸಾದನನ್ನು ಹಿಂಬಾಲಿಸಿ ಹೋಗಿ ನಾಲ್ಕು ಮಾತು ಬಿಗಿಯಬೇಕೆನ್ನಿಸಿ ಮೈ ಉರಿಯುತ್ತಿತ್ತು. ಹಾಗೆಂದು ಹೇಳಿಯೂ ಬಿಟ್ಟೆ. ಅವರು ಕೊಡದಿಂದ ನೀರು ಬಗ್ಗಿಸಿಕೊಂಡು, ಸೋಪು ಹಚ್ಚಿ, ಬೆಳಿಗ್ಗೆ ಮುಡಿಪು ಮುಟ್ಟುವ ಮೊದಲು ತೊಳೆದ ಹಾಗೆಯೇ ಮೊಣಕೈ ತನಕ ಕೈ ತೊಳೆದರು.

"ಎಲ್ಲಾ ಬಂದವ್ರೆ ಸಾ," ಎಂದರು. "ಬನ್ನಿ, ಉಣ್ಣಣ."